ಕೊಪ್ಪರಿಗೆ ಹೊರಗೆ ಹೋದ ಶ್ರಾವಣ

ಕಳೆದ ತಿಂಗಳು ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ಸುಳ್ಳದ ಕಡೆ ಹೊರಟಿದ್ದೆ. ಅರ್ಧ ಹಾದಿಯಲ್ಲಿ ಮಳೆ ಎಷ್ಟು ಜೋರಾಯಿತೆಂದರೆ ಮುಂದೆ ಹೋಗುತ್ತಿದ್ದ ಟಂಟಂ ಗಾಡಿ ಕೂಡ ಕಾಣಿಸದಾಯಿತು. ಗುರುಗಳ ಹಳೆಯ ದೊಡ್ಡ ಮನೆ, ಗುರುಮನೆಯ ವಾಡೆ, ಅಲ್ಲೇ ಹತ್ತಿರವಿತ್ತು. ಕಾರನ್ನು ಅದರ ಆವರಣಕ್ಕೆ ಹೊರಳಿಸಿ, ಇಬ್ಬರೂ ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಓಡಿದೆವು. ಈಗ ಅದು ಪ್ರಾದೇಶಿಕ ವಸ್ತುಸಂಗ್ರಹಾಲಯ. ನಾನು ಅಲ್ಲಿಂದ ವರ್ಗವಾಗಿ ವರ್ಷಗಳೇ ಆದವು. ಟಿಕೆಟ್ ಕೊಡುವವರಿಗೆ ನನ್ನ ಗುರುತು ಹತ್ತಲಿಲ್ಲ, ನಾನೂ ಹೇಳಲಿಲ್ಲ. ಎರಡು ಟಿಕೆಟ್ ತೆಗೆಸಿ ಒಳಗೆ ಹೋದೆವು.

ಅಡುಗೆಮನೆಯ ಅಂಕಣಕ್ಕೆ ಕಾಲಿಟ್ಟ ಕೂಡಲೇ ಆ ವಾಸನೆ ಬಂತು. ಹಸಿ ಸುಣ್ಣ, ತಲೆಮಾರುಗಳಿಂದ ತೊಲೆಗೆ ಹಿಡಿದ ಹೊಗೆ, ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರ. ಬೇಸಿಗೆಯಲ್ಲಿ ಅದು ಇರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಗೋಡೆ ಅದನ್ನು ಬಿಟ್ಟುಕೊಡುತ್ತದೆ. ಅವ್ವ ನನ್ನ ಮುಖ ನೋಡಿ ನಕ್ಕಳು. ಇಬ್ಬರಿಗೂ ನೆನಪಾಗಿದ್ದು ಒಂದೇ ಶ್ರಾವಣ.

ಆ ವರ್ಷ ಜೂನಿನ ಮಿರಗದ ಮಳೆ ಶುರುವಾಗುವ ಹೊತ್ತಿಗೆ ನನಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಅಲ್ಲಿಯವರೆಗೆ ಬೇರೆ ಬೇರೆ ಜಿಲ್ಲೆಗಳಲ್ಲಿ ಮೂರ್ತಿ, ಶಾಸನ, ನಾಣ್ಯಗಳ ನಡುವೆ ಕೆಲಸ ಮಾಡಿದ್ದೆ. ಈಗ ಗುರುಮನೆಯ ವಾಡೆಯನ್ನು ವಸ್ತುಸಂಗ್ರಹಾಲಯ ಮಾಡಿ ದಸರೆಯೊಳಗೆ ಬಾಗಿಲು ತೆರೆಯಬೇಕಿತ್ತು, ಅದರ ಪೂರ್ತಿ ಜವಾಬ್ದಾರಿ ನನ್ನದು. ಗೋಪನಕೊಪ್ಪದ ನಮ್ಮ ಮನೆಯಲ್ಲಿ ಅವ್ವನಿಗೆ ಈ ಸುದ್ದಿ ಹೇಳಿದಾಗ ಅವಳು ಮೆಂತ್ಯೆಸೊಪ್ಪು ಸೋಸುತ್ತಿದ್ದಳು. ಕೈ ನಿಲ್ಲಿಸಿ, ಆ ವಾಡೆಗಾ, ಅಧಿಕಾರಿಯಾಗಿಯಾ ಎಂದು ಎರಡು ಸಲ ಕೇಳಿದಳು. ಆಮೇಲೆ ಅಂದಳು, “ಮುಂದಿನ ಬಾಗಲದಿಂದ ಹೋಗು. ಹಿಂದಿನ ಬಾಗಲಾ ನಮ್ಮವ್ವ ನೋಡಿ ಮುಗಿಸ್ಯಾಳ.”

ವಾಡೆಯ ಮಗ್ಗುಲಿನ ಊರೇ ಅವ್ವನ ತವರು. ಕೆರೆಯ ಹಿಂದಿನ ಕೇರಿಯಲ್ಲಿ ಹುಟ್ಟಿ ಬೆಳೆದವಳು. ಅಜ್ಜನ ಕಾಲದಲ್ಲಿ ನಮ್ಮವರು ಬೌದ್ಧರಾದರು. ಅವ್ವ ಓದಿ ಸಾಲಿಯ ಶಿಕ್ಷಕಿಯಾದಳು, ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಅಪ್ಪನನ್ನು ಮದುವೆಯಾಗಿ ಹುಬ್ಬಳ್ಳಿಗೆ ಬಂದಳು. ಆಯಿ, ಅಂದರೆ ಅವ್ವನ ಅವ್ವ, ಕಾಳುಕಡಿ ಸಿಗದ ಒಂದು ವರ್ಷ ವಾಡೆಯ ಹಿಂಬಾಗಿಲಲ್ಲಿ ಅಂಬಲಿ ಹಾಕಿಸಿಕೊಂಡು ಮಕ್ಕಳನ್ನು ಉಳಿಸಿಕೊಂಡವಳು. ಇದನ್ನು ಅವ್ವ ಎಂದೂ ಅಳುತ್ತ ಹೇಳಿದವಳಲ್ಲ. ಹಾಕಿದ್ದು ಖರೇ, ಹಿಂದೆ ನಿಲ್ಲಿಸಿ ಹಾಕಿದ್ದೂ ಖರೇ ಎಂದು ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದಳು.

ನಾನು ಮುಂದಿನ ಬಾಗಿಲಿನಿಂದಲೇ ಹೋದೆ. ಗುರುಗಳು ಅರಸರ ಹಾಗೆ ದರ್ಬಾರು ನಡೆಸುತ್ತಿದ್ದ ಜಾಗ ಅದು. ಎರಡು ಆಳು ತಬ್ಬಿದರೂ ಸಾಲದ ಸಾಗುವಾನಿ ಕಂಬಗಳು, ಮೇಲೆ ಹೆಣ್ಣುಮಕ್ಕಳು ಕೂತು ಪ್ರವಚನ ಕೇಳುವ ಮಹಡಿ, ಅಂಗಳದಲ್ಲಿ ಆನೆ ಕಟ್ಟುವ ಕಲ್ಲು. ಕೊನೆಯ ಗುರುಗಳ ನಂತರ ಗದ್ದಿಗೆ ಬೇರೆ ಊರಿಗೆ ಹೋಗಿತ್ತು, ಬೆಳ್ಳಿಬಂಗಾರ ಅದರ ಹಿಂದೆ ಹೋಗಿತ್ತು. ಖಾಲಿ ಉಳಿದ ವಾಡೆಯನ್ನು ಅಲ್ಲಿನ ಹಿರಿಯರು ಸರಕಾರಕ್ಕೆ ಒಪ್ಪಿಸಿದ್ದರು. ಹೊತ್ತು ಒಯ್ಯಲಾಗದ್ದಷ್ಟೇ ಒಳಗಿತ್ತು: ಅಡ್ಡಪಲ್ಲಕ್ಕಿ, ಎಣ್ಣೆ ತುಂಬುವ ಕಲ್ಲಿನ ಬಾನಿ, ಅಡುಗೆಮನೆಯಲ್ಲಿ ಒಂದು ತಾಮ್ರದ ಕೊಪ್ಪರಿಗೆ. ಅದರೊಳಗೆ ಇಬ್ಬರು ಕುಳಿತು ಮಾತಾಡಬಹುದಿತ್ತು, ಅಷ್ಟು ದೊಡ್ಡದು.

ಜೂನ್, ಜುಲೈ ಎರಡೂ ತಿಂಗಳು ಮಾಳಿಗೆಯ ಜೊತೆ ಗುದ್ದಾಡುವುದರಲ್ಲೇ ಹೋದವು. ಮೇಲಿನ ಮಣ್ಣು ಕುಸಿದು ದರ್ಬಾರಿನ ಮೂರು ಅಂಕಣ ಸೋರುತ್ತಿದ್ದವು. ಎರೆಮಣ್ಣಿನ ಅಂಗಳದಲ್ಲಿ ನಡೆದರೆ ಚಪ್ಪಲಿ ಮಣ್ಣಿನಲ್ಲೇ ಉಳಿದು ಕಾಲು ಮಾತ್ರ ಮುಂದೆ ಬರುತ್ತಿತ್ತು. ಊರಿನ ಹೆಣ್ಣುಮಕ್ಕಳು ಸಾಲಾಗಿ ಕೂತು ಸುಣ್ಣದ ಗಚ್ಚು ಬಡಿಯುತ್ತಿದ್ದರು. ಊಟದ ಹೊತ್ತಿನಲ್ಲಿ ಬುತ್ತಿ ಬಿಚ್ಚಿದರೆ ಅವರ ಮಾತು ಕೊಪ್ಪರಿಗೆಗೇ ಬರುತ್ತಿತ್ತು. ಊರಿನಲ್ಲಿ ಮದುವೆಯೆಂದರೆ ವಾಡೆಯಿಂದ ಕೊಪ್ಪರಿಗೆ ಹೋಗಬೇಕು, ಅದರಲ್ಲೇ ಗೋಧಿ ಹುಗ್ಗಿ ಆಗಬೇಕು. ನನ್ನ ಮದುವೆಯ ಹುಗ್ಗಿ ಅದರಲ್ಲೇ ಆಗಿದ್ದು, ನಮ್ಮತ್ತೆಯದೂ ಅದರಲ್ಲೇ ಎಂದು ಒಬ್ಬೊಬ್ಬರೂ ಹೇಳುತ್ತಿದ್ದರು. ನಾನು ರೊಟ್ಟಿ ಮುರಿಯುತ್ತ ಕೇಳುತ್ತಿದ್ದೆ.

ಊರಿನ ಸಮಿತಿಯ ಹಿರಿಯ ಗುರುಪಾದಪ್ಪ ನನಗೆ ಬಹಳ ನೆರವಾಗಿದ್ದರು. ಹುಬ್ಬಳ್ಳಿಯ ಪೇಟೆಯಲ್ಲಿ ಹತ್ತಿ ದಲಾಲಿ. ಬಿಳಿ ಧೋತರ, ಬಿಳಿ ಟೋಪಿ, ಮಾತಿನಲ್ಲಿ ಎಂದೂ ದನಿ ಏರಿಸಿದವರಲ್ಲ. ಅವರ ಮುತ್ತಜ್ಜ ವಾಡೆಯ ಕಾರಭಾರಿಯಾಗಿದ್ದನಂತೆ. ಮನೆಮನೆಗೆ ತಿರುಗಿ ಹಳೆಯ ಕಸೂತಿ ಸೀರೆ, ಕೂರಿಗೆ, ಕೊಳಗ, ತೊಟ್ಟಿಲು ಎಲ್ಲವನ್ನೂ ಸಂಗ್ರಹಾಲಯಕ್ಕೆ ಕೊಡುವುದಾಗಿ ಊರವರಿಂದ ಮಾತು ತೆಗೆದುಕೊಂಡಿದ್ದರು. ಅವರಿಲ್ಲದಿದ್ದರೆ ಅರ್ಧ ಅಂಕಣ ಖಾಲಿ ಉಳಿಯುತ್ತಿತ್ತು.

ಶ್ರಾವಣ ಬಂದ ಮೇಲೆ ಒಂದು ದಿನ ಜಿಟಿಜಿಟಿ ಮಳೆಯಲ್ಲಿ ಒಂದು ಟ್ರ್ಯಾಕ್ಟರ್ ಅಂಗಳಕ್ಕೆ ಬಂದು ನಿಂತಿತು. ನಾಲ್ಕು ಮಂದಿ ಗಂಡಸರು ಹಗ್ಗ ಹಿಡಿದು ಇಳಿದರು. ಅವರ ಹಿಂದೆ ಇಳಿದವಳು ನೀಲವ್ವ. ಊರಿನ ದೊಡ್ಡ ರೈತ ಮನೆತನದ ಹೆಣ್ಣುಮಗಳು, ಶ್ರಾವಣದ ಕೊನೆಗೆ ಅವಳ ಮಗಳ ಮದುವೆ. ಕೈಯಲ್ಲಿ ತೆಂಗಿನಕಾಯಿ, ಅರಿಷಿಣ, ಕುಂಕುಮ, ಒಂದು ಖಣ. ಒಯ್ಯುವ ಮೊದಲು ಕೊಪ್ಪರಿಗೆಗೆ ಉಡಿ ತುಂಬುವುದು ಪದ್ಧತಿ. ಮದುವೆ ಇನ್ನೂ ದೂರವಿದ್ದರೂ ಕಲಾಯಿ ಮಾಡಿಸಬೇಕೆಂದು ಮುಂಚೆಯೇ ಬಂದಿದ್ದಳು.

ಕೊಡಲು ಬರುವುದಿಲ್ಲ ಎಂದು ಹೇಳಿದೆ. ಇದು ಸಂಗ್ರಹಾಲಯದ ವಸ್ತು, ಇದನ್ನು ಒಲೆಯ ಮೇಲೆ ಇಡುವ ಹಾಗಿಲ್ಲ ಎಂದು ವಿವರಿಸಿದೆ. ನೀಲವ್ವ ಸಿಟ್ಟಾಗಲಿಲ್ಲ. ನನಗೆ ತಿಳಿದಿಲ್ಲ ಅನ್ನುವ ಹಾಗೆ ಸಮಾಧಾನದಿಂದ ಹೇಳಿದಳು, “ಅದು ಯಾರೊಬ್ಬರದೂ ಅಲ್ರಿ ಬಾಯಾರ. ಊರಾಗಿನ ಎಲ್ಲಾರದ್ದು.”

ಎಲ್ಲಾರದ್ದು ಎಂಬ ಮಾತು ನನ್ನ ಎದೆಗೆ ತಾಕಿತು. ಆದರೆ ಆಗ ನಾನು ನಿಯಮದ ಮಾತನ್ನಷ್ಟೇ ಆಡಿದೆ. ಟ್ರ್ಯಾಕ್ಟರ್ ಖಾಲಿ ಹೋಯಿತು.

ಮರುದಿನ ಗಚ್ಚು ಬಡಿಯಲು ಒಬ್ಬರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ತೊಟ್ಟಿಲು ಕೊಡುತ್ತೇನೆಂದವರು ಮೊಮ್ಮಗನಿಗೆ ಬೇಕಾಗಿದೆ ಅಂದರು. ಕೂರಿಗೆ ಕೊಡುತ್ತೇನೆಂದವರು ಮನೆಯಲ್ಲಿ ಸಿಗುತ್ತಿಲ್ಲ ಅಂದರು. ಧಾರವಾಡದಲ್ಲಿದ್ದ ನಮ್ಮ ಮೇಲಧಿಕಾರಿಗೆ ಫೋನು ಮಾಡಿದರೆ, ಜನರ ಮನಸ್ಸು ನೋಯಿಸಬೇಡಿ ಅಂದರು. ಹಾಗಾದರೆ ಕೊಡಲೇ ಎಂದು ಕೇಳಿದೆ. ಅದನ್ನು ಮಾತ್ರ ಮಾಡಬೇಡಿ ಅಂದರು.

ಮೂರನೆಯ ದಿನ ನಾನೇ ನೀಲವ್ವನ ಮನೆಗೆ ಹೋದೆ. ಪಡಸಾಲೆಯಲ್ಲಿ ಹೊಸದಾಗಿ ಬಿಡಿಸಿದ ಹೆಸರುಕಾಳಿನ ಬುಡ್ಡಿಕಾಯಿಗಳನ್ನು ಆರಹಾಕಿದ್ದರು. ಮಳೆಗೆ ಸಿಕ್ಕಿ ಮೊಳಕೆ ಒಡೆದೀತೆಂದು ಮನೆಯವರೆಲ್ಲ ಕೈಯಾಡಿಸುತ್ತಿದ್ದರು. ನೀಲವ್ವನ ಅತ್ತೆ ಸಂಗವ್ವ, ತೊಂಬತ್ತರ ಹತ್ತಿರದವಳು, ಗೋಡೆಗೆ ಒರಗಿ ಕೂತಿದ್ದಳು. ಚಹಾ ಕೊಟ್ಟರು. ಕುಡಿಯುವಾಗ ಸಂಗವ್ವ, ನೀವು ಯಾವ ಊರವರು ಎಂದು ಕೇಳಿದಳು. ಹುಬ್ಬಳ್ಳಿ ಅಂದೆ. ಆಮೇಲೆ, ಅವ್ವನ ತವರು ಇದೇ ಊರು, ಕೆರೆ ಹಿಂದಿನ ಕೇರಿ ಅಂದೆ.

ಹೆಸರುಕಾಯಿಯಲ್ಲಿ ಆಡುತ್ತಿದ್ದ ಕೈಗಳು ನಿಧಾನವಾದವು. ನಾನು ಬಟ್ಟಲನ್ನು ಕೆಳಗಿಟ್ಟು ನೀಲವ್ವನಿಗೆ ಹೇಳಿದೆ, “ನೀವು ಎಲ್ಲಾರದ್ದು ಅಂದ್ರಿ. ನಮ್ಮವ್ವನ ಮದುವಿಗೆ ಆ ಕೊಪ್ಪರಿಗಿ ಬಂದಿದ್ದಿಲ್ರಿ.”

ಉತ್ತರ ಕೊಟ್ಟವಳು ಸಂಗವ್ವ. “ಬಂದಿದ್ದಿಲ್ಲ. ಖರೇ ಐತಿ ತಂಗಿ. ನಿಮ್ಮ ಓಣ್ಯಾಗ ಮನಿಗೊಂದು ಗಡಿಗಿ ತಂದು ಸಾಲಾಗಿ ಒಲಿ ಹೂಡತಿದ್ರು. ನಮ್ಮ ಹೊಲದಿಂದ ಹೊಗಿ ಕಾಣತಿತ್ತು.”

ಅದನ್ನು ನಾನು ಅವ್ವನಿಂದಲೂ ಕೇಳಿದ್ದೆ. ಕೇರಿಯ ಮದುವೆಯಲ್ಲಿ ಪ್ರತಿ ಮನೆಯವರೂ ತಮ್ಮ ಗಡಿಗೆ ತರುತ್ತಿದ್ದರು. ಒಂದರಲ್ಲಿ ನುಚ್ಚು, ಒಂದರಲ್ಲಿ ಬೇಳೆ, ಇನ್ನೊಂದರಲ್ಲಿ ಸಿಹಿ. ಒಂದೊಂದರ ರುಚಿ ಒಂದೊಂದು. ಉಣ್ಣುವವರು ಸಾಲಿನುದ್ದಕ್ಕೂ ನಡೆದು ತಮಗೆ ಸೇರಿದ್ದನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅವ್ವ ಇದನ್ನು ಬಡತನದ ಕಥೆಯಾಗಿ ಅಲ್ಲ, ಒಳ್ಳೆಯ ಊಟದ ಕಥೆಯಾಗಿ ಹೇಳುತ್ತಿದ್ದಳು.

ಅಲ್ಲಿ ಕೂತಾಗಲೇ ನಾನು ನಿರ್ಧಾರ ಮಾಡಿದೆ. ವಾಡೆಯ ವಸ್ತುಗಳನ್ನು ಇಲಾಖೆ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದು ಆಗಬೇಕಾಗಿದ್ದು ಉದ್ಘಾಟನೆಯ ಹೊತ್ತಿಗೆ. ಅಲ್ಲಿಯವರೆಗೆ ನನ್ನ ಜವಾಬ್ದಾರಿಯ ಮೇಲೆ ಕೊಡಬಹುದಿತ್ತು, ಆಮೇಲಿನದಕ್ಕೆ ಇಲಾಖೆಯ ಒಪ್ಪಿಗೆ ಪಡೆಯಬೇಕಿತ್ತು. ಕೊಪ್ಪರಿಗೆ ಕೊಡುತ್ತೇನೆ, ಆದರೆ ಇನ್ನು ಮುಂದೆ ಊರಿನಲ್ಲಿ ಯಾರು ಕೇಳಿದರೂ ಕೊಡುತ್ತೇನೆ, ಕೇರಿಯವರು ಕೇಳಿದರೂ ಎಂದು ಹೇಳಿದೆ. ಒಪ್ಪಿಗೆಯಾದರೆ ಒಯ್ಯಿರಿ ಎಂದೆ. ನೀಲವ್ವ, ಇದು ಹಿರಿಯರು ಹೇಳಬೇಕಾದ ಮಾತು ಎಂದಳು. ನಾನು ಎದ್ದು ಬಂದೆ.

ಅಂದು ಸಂಜೆಯೇ ಗುರುಪಾದಪ್ಪ ವಾಡೆಗೆ ಬಂದರು. ಕೊಡೆ ಮಡಿಚಿ, ಕಂಬಕ್ಕೆ ಆನಿಸಿ, ಬಹಳ ಮೆತ್ತಗೆ ಒಂದು ದಾರಿ ಸೂಚಿಸಿದರು. ನೀಲವ್ವನ ಮನೆಯ ಮದುವೆಗೆ ಕೊನೆಯ ಸಲ ಕೊಪ್ಪರಿಗೆ ಹೋಗಲಿ. ಅದು ತಿರುಗಿ ಬಂದ ಮೇಲೆ ಗಾಜಿನ ಕಪಾಟಿನಲ್ಲಿ ಇಟ್ಟುಬಿಡಿ. ಊರಿಗೂ ಸಮಾಧಾನ, ಸರಕಾರಕ್ಕೂ ಸಮಾಧಾನ. ಕೇಳಲು ಎಷ್ಟು ಹಿತವಾಗಿತ್ತೆಂದರೆ ಬೇರೆ ಯಾರಾದರೂ ಒಪ್ಪಿಬಿಡುತ್ತಿದ್ದರು. ಅದರ ಅರ್ಥ ನನಗೆ ಹೊಳೆಯಿತು: ಇಷ್ಟು ಕಾಲ ಯಾರಿಗೆ ಹೋಗುತ್ತಿತ್ತೋ ಅವರಿಗೇ ಕೊನೆಯ ಸಲವೂ ಹೋಗಿ, ಉಳಿದವರ ಸರದಿ ಬರುವಾಗ ಬೀಗ ಬೀಳುವುದು. ಹೋದರೆ ಎಲ್ಲರಿಗೂ ಹೋಗಬೇಕು, ಇಲ್ಲದಿದ್ದರೆ ಯಾರಿಗೂ ಇಲ್ಲ ಅಂದೆ.

ಅವರು, “ಬಾಯಾರ, ಈ ಮನಿ ಬರಗಾಲದಾಗ ಸಾವಿರ ಮಂದಿಗೆ ಉಣ್ಣಾಕ ಹಾಕೇತಿ. ಅದನ್ನ ಮರೀಬ್ಯಾಡ್ರಿ” ಅಂದರು.

ಮರೆಯುವುದಿಲ್ಲ, ನಮ್ಮ ಆಯಿಯೂ ಅವರಲ್ಲಿ ಒಬ್ಬಳು, ಅದನ್ನೂ ಬರೆದು ಹಾಕುತ್ತೇನೆ, ಯಾವ ಬಾಗಿಲಲ್ಲಿ ಹಾಕಿದರೆಂಬುದನ್ನೂ ಬರೆಯುತ್ತೇನೆ ಎಂದೆ. ಅವರು ಕೊಡೆ ತೆಗೆದುಕೊಂಡು ಹೊರಟುಹೋದರು.

ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು. “ಎಲ್ಲಾ ಛಲೋ. ಕೇರಿಯವರನ್ನ ಕೇಳಿದೇನು?”

ಕೇಳಿರಲಿಲ್ಲ. ಅವರು ಕುಣಿದಾಡುತ್ತಾರೆಂದೇ ಅಂದುಕೊಂಡಿದ್ದೆ.

ಆದಿತ್ಯವಾರ ಅವ್ವನ ಜೊತೆ ಕೇರಿಗೆ ಹೋದೆ. ಅವ್ವನ ಚಿಕ್ಕಪ್ಪನ ಮಗಳು ಯಮುನವ್ವ ಅಲ್ಲಿಗೆ ಹಿರಿಯಳು. ಅವಳ ಮಗ ತಹಸೀಲ್ದಾರ ಕಚೇರಿಯಲ್ಲಿ ಕೆಲಸಕ್ಕಿದ್ದ. ಹೊಸ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಟೈಲ್ಸ್ ನೆಲ. ನಾನು ದೊಡ್ಡ ಕಾಣಿಕೆ ತಂದವಳ ಹಾಗೆ ವಿಷಯ ಹೇಳಿದೆ. ಯಮುನವ್ವ ಪೂರ್ತಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು.

“ಕೇಳಿದ್ಯಲ್ಲಾ, ಛಲೋ ಮಾಡಿದಿ. ಆದ್ರ ನಮಗ ಬ್ಯಾಡ. ಇಷ್ಟು ದಿನಾ ಅದಿಲ್ಲದ ನಮ್ಮ ಮದುವಿ ನಿಂತಾವೇನು?”

ನನ್ನ ಮುಖ ಸಣ್ಣದಾಯಿತು. ಅವ್ವ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಅಷ್ಟರಲ್ಲಿ ಯಮುನವ್ವ ಎದ್ದು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಚಪ್ಪರದ ಕೆಳಗೆ, ನೀರು ಕಾಯಿಸುವ ಒಲೆಯ ಆಚೆ, ಮಸಿ ಹಿಡಿದ ಹಳೆಯ ಗಡಿಗೆಗಳಿದ್ದವು. ಎಲ್ಲ ಮನೆಗಳಲ್ಲೂ ಒಂದೋ ಎರಡೋ ಉಳಿದಿವೆ ಅಂದಳು. ಈಗ ಸ್ಟೀಲಿನ ಪಾತ್ರೆ ಬಾಡಿಗೆಗೆ ಹುಬ್ಬಳ್ಳಿಯಿಂದ ಬರುವುದರಿಂದ ಯಾರೂ ಮುಟ್ಟುವುದಿಲ್ಲ, ಆದರೆ ಎಸೆಯಲು ಮನಸ್ಸಿಲ್ಲ. “ಕೊಪ್ಪರಿಗಿ ಒಯ್ಯವ್ರು ಒಯ್ಯಲಿ. ನಮ್ಮ ಗಡಿಗಿ ನಿನ್ನ ವಾಡೇದಾಗ ಇಡು. ಅದ ಅಡಗಿಮನ್ಯಾಗ. ಮೂಲ್ಯಾಗ ಅಲ್ಲ.”

ನಾನು ತಂದಿದ್ದಕ್ಕಿಂತ ಅವಳು ಕೇಳಿದ್ದು ದೊಡ್ಡದಿತ್ತು. ಕೊಪ್ಪರಿಗೆ ಹೊರಗೆ ಹೋಗುವುದು ಬೇರೆ. ಕೇರಿಯ ಗಡಿಗೆ ಗುರುಗಳ ಮಡಿಯ ಅಡುಗೆಮನೆಯ ಒಳಗೆ ಬರುವುದು ಬೇರೆ. ಸುದ್ದಿ ತಿಳಿದ ಗುರುಪಾದಪ್ಪ ಈ ಸಲ ನನ್ನ ಹತ್ತಿರ ಬರಲಿಲ್ಲ, ನೇರವಾಗಿ ಧಾರವಾಡಕ್ಕೆ ಹೋದರು. ಮೇಲಧಿಕಾರಿ ಫೋನು ಮಾಡಿ, ಜನಪದದ ಅಂಕಣ ಬೇರೆ ಇದೆಯಲ್ಲ, ಗಡಿಗೆಗಳನ್ನು ಅಲ್ಲಿ ಇಡಿ ಅಂದರು. ಒಂದೇ ಊರಿನ ಮದುವೆಯ ಅಡುಗೆ, ಎರಡು ಬೇರೆ ಕೋಣೆಯಲ್ಲಿ ಯಾಕೆ ಎಂದು ಕೇಳಿದೆ. ಸೋಮವಾರ ನಾನೇ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಏನೂ ಅಲುಗಾಡಿಸಬೇಡಿ ಅಂದರು. ಆ ನಾಲ್ಕೈದು ದಿನ ಮಳೆ ಒಂದೇ ಸಮನೆ ಸುರಿಯಿತು. ಖಾಲಿ ದರ್ಬಾರಿನಲ್ಲಿ ಸೋರುವ ನೀರಿಗೆ ಬಕೆಟ್ ಇಡುತ್ತ, ಈ ಕೆಲಸ ನನ್ನಿಂದ ಹೋದರೂ ಸರಿಯೇ, ಗಡಿಗೆ ಮಾತ್ರ ಬೇರೆ ಕೋಣೆಗೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲಿ ಖಾತ್ರಿ ಮಾಡಿಕೊಂಡಿದ್ದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸಂಶಯ ಇರಲಿಲ್ಲ.

ಶನಿವಾರ ಬೆಳಿಗ್ಗೆ ಮತ್ತೆ ಅದೇ ಟ್ರ್ಯಾಕ್ಟರ್ ಬಂತು. ಈ ಸಲ ಖಾಲಿ ಇರಲಿಲ್ಲ. ಟ್ರೈಲರಿನಲ್ಲಿ ಹೊಟ್ಟು ಹಾಸಿ, ಅದರಲ್ಲಿ ಗಡಿಗೆಗಳನ್ನು ಹೂತು ಇಟ್ಟಿದ್ದರು. ಅವುಗಳ ನಡುವೆ, ಒಂದೇ ಪ್ಲಾಸ್ಟಿಕ್ ಹಾಳೆಯನ್ನು ಇಬ್ಬರೂ ತಲೆಯ ಮೇಲೆ ಹಿಡಿದುಕೊಂಡು, ನೀಲವ್ವ ಮತ್ತು ಯಮುನವ್ವ ಕೂತಿದ್ದರು. ನೀಲವ್ವ ತಾನೇ ಕೇರಿಗೆ ಹೋಗಿ ಮನೆಮನೆಯಿಂದ ಗಡಿಗೆ ಎತ್ತಿಸಿಕೊಂಡು ಬಂದಿದ್ದಳು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಲೇ ಇದ್ದೆ. ಅವಳು ಕೆಳಗಿಳಿದು, ಸೀರೆಯ ನೆರಿಗೆ ಕೊಡವಿಕೊಂಡು ಹೇಳಿದಳು, “ನನಗ ಕೊಪ್ಪರಿಗಿ ಬೇಕು, ನಿಮಗ ಗಡಿಗಿ ಬೇಕು. ಟ್ರ್ಯಾಕ್ಟರ್ ಖಾಲಿ ಯಾಕ ಬರಬೇಕ್ರಿ?”

ಹಿರಿಯರು ಏನಂದರು ಎಂದು ಕೇಳಿದೆ. ಅತ್ತೆ ಹೇಳಿದ್ದಾರೆ, ನಮ್ಮ ಮನೆಯಲ್ಲಿ ಅವರಿಗಿಂತ ಹಿರಿಯರಿಲ್ಲ ಅಂದಳು.

ಅಷ್ಟರಲ್ಲಿ ಗುರುಪಾದಪ್ಪನೂ ಬಂದು ಟ್ರೈಲರಿನ ಹತ್ತಿರ ನಿಂತಿದ್ದರು. ಯಾರೋ ಸುದ್ದಿ ಮುಟ್ಟಿಸಿದ್ದರು. ಬೇಡ ಎಂದು ಒಂದು ಮಾತು ಹೇಳಿದ್ದರೆ ಹಗ್ಗ ಹಿಡಿದು ಬಂದಿದ್ದ ಅದೇ ನಾಲ್ಕು ಮಂದಿ ಗಂಡಸರು ಕೈ ಹಿಂದೆ ತೆಗೆಯುತ್ತಿದ್ದರೇನೋ. ಅವರು ಹೇಳಲಿಲ್ಲ. ಒಬ್ಬ ಗಡಿಗೆ ಎತ್ತಿ ಕೊಡುವಾಗ ಕೆಸರಿನಲ್ಲಿ ಕಾಲು ಜಾರಿ, ಗಡಿಗೆ ಕೈತಪ್ಪಿತು. ಹತ್ತಿರವೇ ಇದ್ದ ಗುರುಪಾದಪ್ಪ ಕೊಡೆ ಬಿಟ್ಟು ಎರಡೂ ಕೈಯಿಂದ ಅದನ್ನು ಆತುಕೊಂಡರು. ಬಿಳಿ ಧೋತರಕ್ಕೆಲ್ಲ ಮಸಿ. ಗಡಿಗೆಯನ್ನು ಹಾಗೇ ಹಿಡಿದು ಒಂದು ಗಳಿಗೆ ನಿಂತರು. ಕೆಳಗೆ ಇಡಲು ಒಣ ಜಾಗ ಇರಲಿಲ್ಲ. ಕೊನೆಗೆ ತಾವೇ ಮೆಟ್ಟಿಲು ಹತ್ತಿ ನನ್ನ ಕೈಗೆ ಕೊಟ್ಟು, “ಸಾವಕಾಶ ಇಳಸಾಕ ಹೇಳ್ರಿ. ಒಡದ್ರ ಮತ್ತ ಎಲ್ಲಿಂದ ತರತೀರಿ” ಅಂದರು. ಕೊಡೆ ಎತ್ತಿಕೊಂಡು, ಹಿಂದೆ ನೋಡದೆ ಹೋದರು.

ಗಡಿಗೆಗಳು ಅಡುಗೆಮನೆಯಲ್ಲಿ ಒಲೆಯ ಉದ್ದಕ್ಕೂ ಸಾಲಾಗಿ ಕೂತವು. ನೀಲವ್ವ ಕೊಪ್ಪರಿಗೆಗೆ ಉಡಿ ತುಂಬಿದಳು. ಹಗ್ಗ ಹಾಕಿ ಎತ್ತಿದಾಗ ಅದರ ಅಂಚು ಬಾಗಿಲ ಚೌಕಟ್ಟಿಗೆ ತಾಗಿ ಗಂಟೆ ಹೊಡೆದ ಹಾಗಾಯಿತು. ಸೋಮವಾರ ಬಂದ ಮೇಲಧಿಕಾರಿಗೆ ನೋಡಲು ಸಿಕ್ಕಿದ್ದು ಕೊಪ್ಪರಿಗೆ ಇಲ್ಲದ ಜಾಗ ಮತ್ತು ಸಾಲು ಗಡಿಗೆ. ಅವರು ಬಹಳ ಕೂಗಾಡಿದರು, ಲಿಖಿತ ವಿವರಣೆ ಕೇಳಿದರು. ಕೊಪ್ಪರಿಗೆ ಬಳಕೆಯಲ್ಲಿರುವ ವಸ್ತು, ಅದನ್ನು ಹಾಗೆಂದೇ ದಾಖಲು ಮಾಡಬೇಕು, ಊರಿನ ಯಾರೇ ಕೇಳಿದರೂ ನಮ್ಮ ಒಬ್ಬ ಸಿಬ್ಬಂದಿಯ ಜೊತೆ ಕಳಿಸಬೇಕು ಎಂದು ಬರೆದುಕೊಟ್ಟೆ. ತಿಂಗಳುಗಟ್ಟಲೆ ಅದರ ಬಗ್ಗೆ ಉತ್ತರವಿರಲಿಲ್ಲ. ಕೊನೆಗೆ ಒಪ್ಪಿಗೆ ಬಂತು. ಗಚ್ಚು ಬಡಿಯುವವರು ಮಾತ್ರ ಕೊಪ್ಪರಿಗೆ ಹೋದ ಶನಿವಾರದ ಮಧ್ಯಾಹ್ನವೇ ಕೆಲಸಕ್ಕೆ ಬಂದಿದ್ದರು.

ಮದುವೆಗೆ ನಾನೂ ಅವ್ವನೂ ಹೋದೆವು. ಹುಗ್ಗಿ ಉಂಡು ಅವ್ವ, ಬೆಲ್ಲ ಕಡಿಮೆಯಾಗಿದೆ ಎಂದು ತೀರ್ಪು ಕೊಟ್ಟಳು. ಕೇರಿಯಿಂದ ಕೆಲವರು ಬಂದಿದ್ದರು. ಯಮುನವ್ವ ಬರಲಿಲ್ಲ, ಹೆಸರುಕಾಯಿ ಬಿಡಿಸುವುದಿತ್ತು ಎಂದು ಆಮೇಲೆ ಹೇಳಿದಳು. ನಾನು ಹೆಚ್ಚು ಕೇಳಲಿಲ್ಲ.

ದಸರೆಗೆ ಬಾಗಿಲು ತೆರೆದೆವು. ತೊಟ್ಟಿಲು ಬಂತು, ಕೂರಿಗೆ ಸಿಕ್ಕಿತು. ಗುರುಪಾದಪ್ಪನ ಬೀಗರ ಮನೆಯವರು ಕೊಡುತ್ತೇನೆಂದಿದ್ದ ಕಸೂತಿ ಸೀರೆ ಮಾತ್ರ ಕೊನೆಗೂ ಬರಲಿಲ್ಲ. ಗುರುಪಾದಪ್ಪ ತಾವು ಬಂದರು. ಅಡುಗೆಮನೆಯಲ್ಲಿ ನಾನು ಬರೆಸಿದ್ದ ಫಲಕವನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಬರಗಾಲದಲ್ಲಿ ಈ ಮನೆ ಹಿಂಬಾಗಿಲಲ್ಲಿ ಕೇರಿಯವರಿಗೆ ಅಂಬಲಿ ಹಾಕಿತು ಎಂಬಲ್ಲಿ ಬೆರಳಿಟ್ಟು, ಅಂಬಲಿ ಅಲ್ಲ ಗಂಜಿ, ನಮ್ಮ ಅಜ್ಜ ಹೇಳುತ್ತಿದ್ದ ಅಂದರು. ಮಗ್ಗುಲಲ್ಲೇ ಇದ್ದ ಅವ್ವ, ಕುಡಿದವರು ನಮ್ಮವ್ವ, ಅಂಬಲಿಯೇ ಅಂದಳು. ಇಬ್ಬರೂ ಕಂಬದ ಹತ್ತಿರ ನಿಂತು ಬಹಳ ಹೊತ್ತು ವಾದ ಮಾಡಿದರು. ಫಲಕ ಬದಲಾಗಲಿಲ್ಲ. ಹಿಂಬಾಗಿಲ ಬಗ್ಗೆ ಅವರು ಏನೂ ಅನ್ನಲಿಲ್ಲ.

ಮುಂದಿನ ವರ್ಷಗಳಲ್ಲಿ ಕೊಪ್ಪರಿಗೆ ಎಷ್ಟೋ ಮದುವೆಗೆ ಹೋಗಿ ಬಂತು. ಕೇರಿಯಿಂದ ಮಾತ್ರ ಯಾರೂ ಕೇಳಲಿಲ್ಲ. ನನಗೆ ಬೇರೆ ಕಡೆ ವರ್ಗವಾಯಿತು. ಅದಾದ ಎರಡನೆಯ ವರ್ಷ ನನ್ನ ಜಾಗಕ್ಕೆ ಬಂದಿದ್ದ ಅಧಿಕಾರಿ ಫೋನು ಮಾಡಿದರು. ಯಮುನವ್ವನ ಮೊಮ್ಮಗಳ ಮದುವೆ, ಕೊಪ್ಪರಿಗೆ ಬೇಕೆಂದು ಸ್ವತಃ ಯಮುನವ್ವನೇ ಬಂದು ಕೂತಿದ್ದಾಳೆ ಅಂದರು. ನಿಯಮ ಇದೆಯಲ್ಲ, ಕೊಡಿ ಅಂದೆ. ಕೊಡುತ್ತೇನೆ, ಅದರಲ್ಲಿ ಅಡ್ಡಿಯಿಲ್ಲ, ಆದರೆ ಆಕೆ ಗಡಿಗೆಗಳನ್ನೂ ಕೇಳುತ್ತಿದ್ದಾಳೆ, ಸಾಲಿಗೆ ಸಾಲೇ ಬೇಕಂತೆ, ಅಡುಗೆಮನೆ ಪೂರ್ತಿ ಖಾಲಿಯಾಗುತ್ತದೆ, ನೋಡಲು ಬಂದವರಿಗೆ ಏನು ತೋರಿಸಲಿ ಎಂದು ಅವರ ಗೋಳು. ಹಿಂದಿನಿಂದ ಯಮುನವ್ವನ ದನಿ ಕೇಳಿಸುತ್ತಿತ್ತು; ಗಡಿಗೆ ಹೂತಿಡಲು ಹೊಟ್ಟು ತಂದಿದ್ದೇವೆ, ಒಡೆಯುವುದಿಲ್ಲ ಎಂದು ಅವರಿಗೆ ಧೈರ್ಯ ಹೇಳುತ್ತಿದ್ದಳು.

ಬಾಗಿಲಿಗೆ ಒಂದು ಚೀಟಿ ಅಂಟಿಸಿ ಎಂದು ಅವರಿಗೆ ಹೇಳಿದೆ. ವಸ್ತುಗಳು ಮದುವೆಗೆ ಹೋಗಿವೆ, ಗುರುವಾರ ಬರುತ್ತವೆ ಎಂದು ಬರೆಯಿರಿ.